ಪುಟ್ಟ ಎಂಜಿನ್ನಿನ ಹದ

ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಗೆಳೆಯನೊಬ್ಬನೂ ನಾನೂ ಕೂಡಿ ಒಂದು ಮಾದರಿ ವಿಮಾನವನ್ನು ಕಟ್ಟಿದೆವು. ಬಾಲ್ಸಾ ಮರದ ತೆಳು ಹಲಗೆಗಳನ್ನು ಕತ್ತರಿಸಿ, ಅಂಟಿಸಿ, ಉಜ್ಜಿ ನಯಮಾಡಿ, ರೆಕ್ಕೆಗೆ ಹೊದಿಕೆ ಹೊದಿಸುವಷ್ಟರಲ್ಲಿ ಮೂರು ತಿಂಗಳು ಕಳೆದಿದ್ದವು. ಮೂತಿಗೆ ಬೆರಳೆಣಿಕೆಯ ದಿನಗಳ ಹಿಂದೆ ಕೊಂಡ ಪುಟ್ಟ ಎಂಜಿನ್ನನ್ನು ಬಿಗಿದು, ಒಂದು ಭಾನುವಾರ ಬೆಳಿಗ್ಗೆ ಊರ ಹೊರಗಿನ ಬಯಲಿಗೆ ಒಯ್ದೆವು. ಎಂಜಿನ್ನು ಸುಲಭವಾಗಿಯೇ ಚಾಲೂ ಆಯಿತು. ಅದರ ಪಕ್ಕದಲ್ಲಿದ್ದ ಸಣ್ಣ ಸೂಜಿಯನ್ನು ಒಳಕ್ಕೆ ತಿರುಗಿಸಿದಂತೆಲ್ಲ ಅದರ ಸ್ವರ ಏರುತ್ತ ಹೋಯಿತು. ಇನ್ನು ಏರಲಾರದು ಎಂಬಷ್ಟು ಏರಿದಾಗ, 'ಇದೇ ಸರಿಯಾದ ಸ್ಥಾನ' ಎಂದು ನಿಶ್ಚಯಿಸಿ ಕೈ ತೆಗೆದೆವು.

ವಿಮಾನ ನೆಲವನ್ನು ಬಿಟ್ಟು, ಮೂತಿಯನ್ನೆತ್ತಿ ಸೊಗಸಾಗಿ ಏರತೊಡಗಿತು. ಒಂದು ತೆಂಗಿನ ಮರದಷ್ಟು ಎತ್ತರಕ್ಕೆ ಹೋಗಿದ್ದಿತೋ ಇಲ್ಲವೋ, ಎಂಜಿನ್ನಿನ ಸ್ವರ ಇದ್ದಕ್ಕಿದ್ದಂತೆ ಕುಗ್ಗಿತು, ಮರುಕ್ಷಣವೇ ನಿಶ್ಶಬ್ದ. ವೇಗ ಕಳೆದುಕೊಂಡ ವಿಮಾನ ಒಂದು ರೆಕ್ಕೆಯ ಮೇಲೆ ಹೊರಳಿ ನೆಲಕ್ಕೆ ಬಿದ್ದಿತು. ಮೂರು ತಿಂಗಳ ಕೆಲಸ ಮೂರು ನಿಮಿಷವೂ ಉಳಿಯಲಿಲ್ಲ.

ಅಲ್ಲಿ ತಮ್ಮ ವಿಮಾನವನ್ನು ಹಾರಿಸುತ್ತಿದ್ದ ಹಿರಿಯರೊಬ್ಬರು ಬಂದು, ಕೈಬೆರಳನ್ನು ಎಂಜಿನ್ನಿನ ಬಳಿ ಒಯ್ದು, ಅದರ ಕಾವನ್ನು ನೋಡಿ ತಲೆಯಾಡಿಸಿದರು. "ನೀವು ಇದನ್ನು ನೆಲದ ಮೇಲೆ ಕೂಗುವುದಕ್ಕೆ ಹದಮಾಡಿದ್ದೀರಪ್ಪಾ, ಹಾರುವುದಕ್ಕಲ್ಲ" ಎಂದರು.

ಅವರ ಆ ಒಂದು ಮಾತಿನಲ್ಲಿ ಎಷ್ಟೊಂದು ಭೌತ ಮತ್ತು ರಸಾಯನ ಶಾಸ್ತ್ರಗಳು ಅಡಗಿದ್ದುವೆಂಬುದು ನಮಗೆ ತಿಳಿದುದು ತಡವಾಗಿ. ಅದನ್ನು ಇಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಕಿಡಿಯಿಲ್ಲದ ಎಂಜಿನ್

ಪೆಟ್ರೋಲಿನಿಂದ ಓಡುವ ಮೋಟಾರು ಸೈಕಲ್ಲಿನ ಎಂಜಿನ್ನನ್ನು ವಾಚಕರು ನೋಡಿರಬಹುದು. ಅದರಲ್ಲಿ ಗಾಳಿ ಮತ್ತು ಇಂಧನಗಳ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿದಾಗ, ವಿದ್ಯುತ್ ಕಿಡಿಯೊಂದು ಸರಿಯಾದ ಕ್ಷಣದಲ್ಲಿ ಹಾರಿ ಬೆಂಕಿ ಹೊತ್ತಿಸುತ್ತದೆ. ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂಬುದನ್ನು ನಿರ್ಧರಿಸುವುದಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಇರುತ್ತದೆ. 1930ರ ದಶಕದ ಮಾದರಿ ಎಂಜಿನ್ನುಗಳಲ್ಲಿಯೂ ಹೀಗೆಯೇ ಇದ್ದಿತು. ಬ್ಯಾಟರಿ, ತಂತಿಯ ಸುರುಳಿ, ಕಂಡೆನ್ಸರ್ ಇವೆಲ್ಲವನ್ನೂ ಆ ಪುಟ್ಟ ವಿಮಾನ ಹೊರಬೇಕಾಗಿತ್ತು. ಹಕ್ಕಿಯ ಕೊರಳಿಗೆ ಕಲ್ಲು ಕಟ್ಟಿ ಹಾರೆಂದಂತೆ!

1947ರಲ್ಲಿ ಅಮೆರಿಕದ ರೇ ಆರ್ಡೆನ್ ಎಂಬಾತನು ಈ ಹೊರೆಯನ್ನು ಇಳಿಸಿದನು. ಆತನು ಮಾರುಕಟ್ಟೆಗೆ ತಂದ 'ಗ್ಲೋ ಪ್ಲಗ್' ಎಂಬ ಸಾಧನದಲ್ಲಿ ಇರುವುದು ಕೂದಲಿನಂತಹ ಪ್ಲಾಟಿನಂ ಮಿಶ್ರಲೋಹದ ತಂತಿಯ ಒಂದು ಚಿಕ್ಕ ಸುರುಳಿ, ಅಷ್ಟೆ. ಪ್ರಾರಂಭದಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಜೋಡಿಸಿ ಸುರುಳಿಯನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ನು ಓಡತೊಡಗಿದ ಮೇಲೆ ಬ್ಯಾಟರಿಯನ್ನು ತೆಗೆದುಬಿಡಬಹುದು. ಸುರುಳಿ ತನ್ನಷ್ಟಕ್ಕೆ ತಾನೇ ಕೆಂಡದಂತೆ ಹೊಳೆಯುತ್ತಲೇ ಇರುತ್ತದೆ.

ಬ್ಯಾಟರಿಯಿಲ್ಲದೆ ಅದು ಹೊಳೆಯುವುದು ಹೇಗೆ? ಪ್ರತಿ ಸುತ್ತಿನ ದಹನದಿಂದ ಬರುವ ಶಾಖ ಒಂದು ಕಾರಣ. ಇನ್ನೊಂದು ಕಾರಣವನ್ನು ತಿಳಿಯಲು ನಾವು 1817ಕ್ಕೆ ಹೋಗಬೇಕು. ಗಣಿಗಳಲ್ಲಿ ಅಪಾಯವಿಲ್ಲದೆ ಬಳಸಬಹುದಾದ ದೀಪಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಸರ್ ಹಂಫ್ರಿ ಡೇವಿಯು, ಬಿಸಿಯಾದ ಪ್ಲಾಟಿನಂ ತಂತಿಯನ್ನು ಉರಿಯುವ ಅನಿಲ ಮತ್ತು ಗಾಳಿಗಳ ಮಿಶ್ರಣದಲ್ಲಿ ಹಿಡಿದರೆ, ಜ್ವಾಲೆಯೇ ಇಲ್ಲದೆ ತಂತಿ ಹೊಳೆಯುತ್ತಲೇ ಇರುವುದೆಂದು ಕಂಡುಹಿಡಿದನು. ಪ್ಲಾಟಿನಂ ಲೋಹವು ತಾನು ವ್ಯಯವಾಗದೆ, ತನ್ನ ಮೈಮೇಲೆ ಇಂಧನದ ಆವಿಯೂ ಆಮ್ಲಜನಕವೂ ಸೇರುವ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಇಂತಹ ವಸ್ತುವನ್ನು ಕ್ರಿಯಾವರ್ಧಕವೆಂದು ಕರೆಯುತ್ತಾರೆ. ಮಾದರಿ ಎಂಜಿನ್ನಿನ ಇಂಧನವಾದ ಮೆಥನಾಲ್ ಅಥವಾ ಮೆಥಿಲ್ ಮದ್ಯಸಾರದ ಆವಿಯ ಮೇಲೆ ಪ್ಲಾಟಿನಂ ಈ ಪ್ರಭಾವವನ್ನು ಚೆನ್ನಾಗಿ ಬೀರುತ್ತದೆ. ಡೇವಿಯ ತಂತಿಯೇ ಇಂದು ಮಾದರಿ ವಿಮಾನದ ಮೂತಿಯಲ್ಲಿ ಕುಳಿತಿದೆ ಎನ್ನಬಹುದು.

ಈಗ ಒಂದು ಮುಖ್ಯವಾದ ವಿಷಯವನ್ನು ಗಮನಿಸಿರಿ. ಈ ಎಂಜಿನ್ನಿನಲ್ಲಿ ಕಿಡಿಯೂ ಇಲ್ಲ, ಕಿಡಿಯ ಕ್ಷಣವನ್ನು ನಿರ್ಧರಿಸುವ ವ್ಯವಸ್ಥೆಯೂ ಇಲ್ಲ. ಸುರುಳಿ ಸದಾ ಕೆಂಡವಾಗಿಯೇ ಇರುತ್ತದೆ. ಪಿಸ್ಟನ್ ಮೇಲೇರಿ ಮಿಶ್ರಣವನ್ನು ಒತ್ತಿದಾಗ ಅದು ಎಷ್ಟು ಬೇಗ ಬಿಸಿಯಾಗುವುದೋ ಅಷ್ಟು ಬೇಗ ಹೊತ್ತಿಕೊಳ್ಳುತ್ತದೆ. ಆದುದರಿಂದ ಬೆಂಕಿ ಹೊತ್ತುವ ಕ್ಷಣವು ಎಂಜಿನ್ನಿನ ಕಾವು, ಸುರುಳಿಯ ಕಾವು, ಮಿಶ್ರಣದಲ್ಲಿರುವ ಇಂಧನದ ಪ್ರಮಾಣ ಇವುಗಳನ್ನೇ ಅವಲಂಬಿಸಿದೆ. ಸೂಜಿಯನ್ನು ತಿರುಗಿಸಿ ಇಂಧನವನ್ನು ಹೆಚ್ಚು ಕಡಿಮೆ ಮಾಡುವಾತನು, ತನಗೆ ಗೊತ್ತಿದ್ದರೂ ಇಲ್ಲದಿದ್ದರೂ, ಬೆಂಕಿಯ ಕ್ಷಣವನ್ನೂ ಹಿಂದುಮುಂದು ಮಾಡುತ್ತಿರುತ್ತಾನೆ.

ಡಬ್ಬಿಯೊಳಗಿನ ಮೂರು ದ್ರವಗಳು

ಈ ಎಂಜಿನ್ನಿಗೆ ಹಾಕುವ ಇಂಧನದಲ್ಲಿ ಸಾಮಾನ್ಯವಾಗಿ ಮೂರು ದ್ರವಗಳಿರುತ್ತವೆ.

ಮೊದಲನೆಯದು ಮೆಥನಾಲ್. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಮೆಥನಾಲಿನ ಅಣುವಿನಲ್ಲಿಯೇ ಆಮ್ಲಜನಕದ ಒಂದು ಪರಮಾಣು ಇರುವುದರಿಂದ ಅದಕ್ಕೆ 6.5 ಗ್ರಾಂ ಗಾಳಿಯೇ ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಮೆಥನಾಲನ್ನು ಕೊಡಬೇಕು. ಇದರ ಶಾಖಮೌಲ್ಯ ಪೆಟ್ರೋಲಿನ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ಒಂದು ಸಿಲಿಂಡರಿನಷ್ಟು ಗಾಳಿಯಿಂದ ದೊರೆಯುವ ಶಾಖ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಮೆಥನಾಲಿಗೆ ಇನ್ನೊಂದು ಗುಣವಿದೆ. ಅಂಗೈಯ ಮೇಲೆ ಸ್ಪಿರಿಟ್ ಹಾಕಿದರೆ ತಂಪಾಗುವುದನ್ನು ನೀವು ಅನುಭವಿಸಿರಬಹುದು. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುವುದೇ ಅದಕ್ಕೆ ಕಾರಣ. ಒಂದು ಕಿಲೋಗ್ರಾಂ ಮೆಥನಾಲ್ ಆವಿಯಾಗಲು ಸುಮಾರು 1,100 ಕಿಲೋಜೂಲ್ ಶಾಖವನ್ನು ಹೀರಿದರೆ, ಪೆಟ್ರೋಲು ಹೀರುವುದು ಸುಮಾರು 350 ಮಾತ್ರ. ಒಂದೇ ಪ್ರಮಾಣದ ಗಾಳಿಗೆ ಬೇಕಾಗುವ ಇಂಧನವನ್ನು ಲೆಕ್ಕ ಹಾಕಿದರೆ, ಮೆಥನಾಲ್ ಪೆಟ್ರೋಲಿಗಿಂತ ಸುಮಾರು ಏಳು ಪಟ್ಟು ಹೆಚ್ಚು ತಂಪನ್ನು ಒದಗಿಸುತ್ತದೆ. ಇಂಧನವೇ ಇಲ್ಲಿ ತಂಪುಗೊಳಿಸುವ ನೀರಿನ ಕೆಲಸವನ್ನೂ ಮಾಡುತ್ತದೆ.

ಎರಡನೆಯದು ಎಣ್ಣೆ. ಎರಡು ಹೊಡೆತಗಳ ಈ ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆ ತೊಟ್ಟಿಯಿಲ್ಲ; ಇಂಧನದೊಡನೆ ಬಂದು, ಪಿಸ್ಟನ್ನನ್ನೂ ಬೇರಿಂಗುಗಳನ್ನೂ ಸವರಿ, ಹೊಗೆಯೊಡನೆ ಹೊರಗೆ ಹೋಗುತ್ತದೆ. ಖನಿಜ ಎಣ್ಣೆ ಮೆಥನಾಲಿನಲ್ಲಿ ಕರಗದು. ಆದರೆ ನಮ್ಮ ಮನೆಗಳಲ್ಲಿ ತಲೆಗೆ ಹಚ್ಚುವ, ಹೊಟ್ಟೆ ಕೆಟ್ಟಾಗ ಕುಡಿಸುವ ಹರಳೆಣ್ಣೆ ಚೆನ್ನಾಗಿ ಕರಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದ, ಎಂಜಿನ್ನೇ ಗಿರಗಿರನೆ ತಿರುಗುತ್ತಿದ್ದ ವಿಮಾನಗಳಿಗೂ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಕಾವು ಮಿತಿಮೀರಿದಾಗಲೂ ಹರಳೆಣ್ಣೆಯ ಪೊರೆ ಲೋಹದ ಮೇಲೆ ಅಂಟಿಕೊಂಡಿರುತ್ತದೆ. ಈಗ ಕೃತಕ ಎಣ್ಣೆಗಳೂ ಬಳಕೆಯಲ್ಲಿವೆ. ಎರಡನ್ನೂ ಬೆರೆಸುವವರೂ ಉಂಟು. ಸಾಮಾನ್ಯವಾಗಿ ಇಂಧನದ ಐದರಲ್ಲೊಂದು ಭಾಗದಷ್ಟು ಎಣ್ಣೆಯೇ ಆಗಿರುತ್ತದೆ.

ಮೂರನೆಯದು ನೈಟ್ರೊಮೀಥೇನ್. ಇದು ತನ್ನೊಳಗೇ ಬೇಕಾದಷ್ಟು ಆಮ್ಲಜನಕವನ್ನು ಹೊತ್ತು ತರುತ್ತದೆ. ಇದರ ಒಂದು ಗ್ರಾಂ ಉರಿಯಲು ಕೇವಲ 1.7 ಗ್ರಾಂ ಗಾಳಿ ಸಾಕು. ಆದುದರಿಂದ ಅದೇ ಗಾಳಿಯಲ್ಲಿ ಹೆಚ್ಚು ಇಂಧನವನ್ನು ಸುಟ್ಟು ಹೆಚ್ಚು ಶಕ್ತಿಯನ್ನು ಪಡೆಯಬಹುದು. ಮಂದಗತಿಯ ಓಟವೂ ಸ್ಥಿರವಾಗುತ್ತದೆ. ಸಾಧಾರಣ ಹಾರಾಟಕ್ಕೆ ನೂರಕ್ಕೆ 5ರಿಂದ 15 ಭಾಗ ಸಾಕು. ಇದಿಲ್ಲದೆಯೂ ಎಂಜಿನ್ನು ಓಡುತ್ತದೆ. ಇದರ ಪ್ರಮಾಣ ಹೆಚ್ಚಿದಷ್ಟೂ ಸೂಜಿಯನ್ನು ಹೆಚ್ಚು ತೆರೆಯಬೇಕಾಗುವುದು ಏಕೆಂಬುದು ಮೇಲಿನ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಸೂಜಿಯ ಕೆಲಸ

ಎಂಜಿನ್ನಿಗೆ ಗಾಳಿ ಬರುವ ದಾರಿ ನಡುವೆ ಕಿರಿದಾದ ಒಂದು ಕೊಳವೆ. ದಾರಿ ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. 1738ರಲ್ಲಿ ಡೇನಿಯಲ್ ಬರ್ನೂಲಿಯು ಪ್ರಕಟಿಸಿದ ತತ್ತ್ವವೇ ಇದು. ಒತ್ತಡ ತಗ್ಗಿದ ಆ ಜಾಗದಲ್ಲಿ ಒಂದು ಸಣ್ಣ ರಂಧ್ರವಿದ್ದು, ತೊಟ್ಟಿಯ ಇಂಧನ ಅದರ ಮೂಲಕ ಸೆಳೆಯಲ್ಪಡುತ್ತದೆ. ಆ ದಾರಿಯಲ್ಲಿ ಚೂಪಾದ ಸೂಜಿಯೊಂದು ತಿರುಪಿನ ಮೇಲೆ ಕುಳಿತಿದೆ. ಒಳಕ್ಕೆ ತಿರುಗಿಸಿದರೆ ದಾರಿ ಕಿರಿದಾಗುತ್ತದೆ, ಹೊರಕ್ಕೆ ತಿರುಗಿಸಿದರೆ ಅಗಲವಾಗುತ್ತದೆ.

ಇದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ಒಂದು ಸ್ಥೂಲವಾದ ಲೆಕ್ಕ. ಅಭ್ಯಾಸದ ವಿಮಾನಗಳಲ್ಲಿ ಬಳಸುವ ಎಂಜಿನ್ನಿನ ಸಿಲಿಂಡರಿನ ಗಾತ್ರ ಸುಮಾರು 6.5 ಘನ ಸೆಂಟಿಮೀಟರ್. ಪ್ರತಿ ಸುತ್ತಿನಲ್ಲಿ ಸುಮಾರು 4 ಘನ ಸೆಂಟಿಮೀಟರ್ ಹೊಸ ಗಾಳಿ ಉಳಿಯುತ್ತದೆಂದು ಇಟ್ಟುಕೊಂಡರೆ ಅದರ ತೂಕ 5 ಮಿಲಿಗ್ರಾಂ. ಅದಕ್ಕೆ ಬೇಕಾದ ಮೆಥನಾಲ್ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ! ನಿಮಿಷಕ್ಕೆ 12,000 ಸುತ್ತು, ಅಂದರೆ ಸೆಕೆಂಡಿಗೆ 200 ಸಲ, ಹನಿಯ ಐವತ್ತನೆಯ ಒಂದು ಭಾಗದಷ್ಟನ್ನು ಈ ಸೂಜಿ ಅಳೆದು ಕೊಡಬೇಕು. ಕಾಲು ಸುತ್ತು ತಿರುಗಿಸಿದರೂ ಎಂಜಿನ್ನಿನ ನಡತೆ ಬದಲಾಗುವುದರಲ್ಲಿ ಆಶ್ಚರ್ಯವೇನಿದೆ?

ದಟ್ಟ ಮಿಶ್ರಣ, ತೆಳು ಮಿಶ್ರಣ

ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿರುವ ಮಿಶ್ರಣವನ್ನು ದಟ್ಟವೆಂದೂ, ಕಡಿಮೆಯಾಗಿರುವುದನ್ನು ತೆಳುವೆಂದೂ ಕರೆಯೋಣ. ಮೆಕ್ಯಾನಿಕರು ಇವನ್ನೇ ರಿಚ್, ಲೀನ್ ಎನ್ನುತ್ತಾರೆ.

ಮಿಶ್ರಣ ಬಹಳ ದಟ್ಟವಾಗಿದ್ದರೆ ಹೆಚ್ಚಿನ ಇಂಧನವು ಆವಿಯಾಗುತ್ತ ಸಿಲಿಂಡರನ್ನು ತಣ್ಣಗಾಗಿಸುತ್ತದೆ. ಬೆಂಕಿ ತಡವಾಗಿ ಹೊತ್ತುತ್ತದೆ. ಇನ್ನೂ ದಟ್ಟವಾದರೆ ಪ್ರತಿ ಸುತ್ತಿನಲ್ಲಿಯೂ ಹೊತ್ತದೆ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಹೊತ್ತುತ್ತದೆ. ಆಗ ಸೆಕೆಂಡಿಗೆ ಆಗುವ ಸ್ಫೋಟಗಳ ಸಂಖ್ಯೆ ಅರ್ಧವಾಗುವುದರಿಂದ ಸ್ವರ ಒಂದು ಸಪ್ತಕದಷ್ಟು ಕೆಳಗಿಳಿದು, ಗೊಗ್ಗರು ದನಿಯಾಗಿ ಕೇಳುತ್ತದೆ. ನಾಲ್ಕು ಹೊಡೆತಗಳ ಎಂಜಿನ್ನಿನ ಸದ್ದನ್ನು ಹೋಲುವುದರಿಂದ ಇದಕ್ಕೆ 'ಫೋರ್ ಸ್ಟ್ರೋಕಿಂಗ್' ಎಂಬ ಹೆಸರು ಬಂದಿದೆ. ಸೂಜಿಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದಾಗ ಒಂದು ಹಂತದಲ್ಲಿ ದನಿ ಒಡೆದು ತಟ್ಟನೆ ಮೇಲಿನ ಸ್ವರಕ್ಕೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ವೇಗ ಏರುತ್ತ ಶಿಖರವನ್ನು ಮುಟ್ಟುತ್ತದೆ.

ಶಿಖರವನ್ನು ದಾಟಿದರೆ ಏನಾಗುತ್ತದೆ? ಇಲ್ಲಿಯೇ ಅಪಾಯವಿರುವುದು. ಇಂಧನ ಕಡಿಮೆಯಾದಾಗ ತಂಪು ಕಡಿಮೆಯಾಗುತ್ತದೆ. ಎಂಜಿನ್ನು ಹೆಚ್ಚು ಬಿಸಿಯಾಗುತ್ತದೆ. ಬೆಂಕಿ ಬೇಗನೆ ಹೊತ್ತುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿದ ಅನಿಲ ಅದನ್ನು ಕೆಳಕ್ಕೆ ಒತ್ತುತ್ತದೆ. ಶಕ್ತಿ ಪ್ರೊಪೆಲರಿಗೆ ಸಿಗುವ ಬದಲು ಮತ್ತಷ್ಟು ಕಾವಾಗಿ ವ್ಯರ್ಥವಾಗುತ್ತದೆ. ಇಷ್ಟು ಸಾಲದೆಂಬಂತೆ, ಎಣ್ಣೆ ಬರುವುದೂ ಇಂಧನದೊಡನೆಯೇ ಆದುದರಿಂದ ಎಣ್ಣೆಯೂ ಅದೇ ಕ್ಷಣದಲ್ಲಿ ಕಡಿಮೆಯಾಗುತ್ತದೆ. ಉಜ್ಜಾಟ ಹೆಚ್ಚಿ ಇನ್ನಷ್ಟು ಕಾವೇರುತ್ತದೆ. ಒಂದು ಕೆಡುಕು ಇನ್ನೊಂದನ್ನು ಬೆಳೆಸುವ ಈ ಚಕ್ರದ ಕೊನೆಯಲ್ಲಿ ಎಂಜಿನ್ನು ಕುಗ್ಗಿ ನಿಲ್ಲುತ್ತದೆ. ಕೆಲವೊಮ್ಮೆ ಪಿಸ್ಟನ್ ಕಚ್ಚಿಕೊಂಡು ಶಾಶ್ವತವಾಗಿ ಕೆಡುತ್ತದೆ.

ದಟ್ಟ ಮಿಶ್ರಣದ ತಪ್ಪಿಗೆ ದಂಡ ಸ್ವಲ್ಪ ವೇಗ ಮಾತ್ರ. ತೆಳು ಮಿಶ್ರಣದ ತಪ್ಪಿಗೆ ದಂಡ ಎಂಜಿನ್ನು, ವಿಮಾನ ಎರಡೂ ಆಗಬಹುದು. ಎರಡು ಬದಿಯ ತಪ್ಪುಗಳೂ ಸಮಾನವಲ್ಲವೆಂಬುದು ಈ ವಿದ್ಯೆಯ ತಿರುಳು.

ನೆಲದಿಂದ ಆಕಾಶಕ್ಕೆ

ಹಾಗಿದ್ದರೆ ಶಿಖರದಲ್ಲಿಯೇ ಸರಿಯಾಗಿ ನಿಲ್ಲಿಸಿದರೆ ಸಾಲದೆ? ನಾವು ಮಾಡಿದುದು ಅದನ್ನೇ. ಆದರೆ ನೆಲದ ಮೇಲಿನ ಶಿಖರ ಆಕಾಶದ ಶಿಖರವಲ್ಲ.

ವಿಮಾನ ಮೂತಿಯನ್ನು ನೇರವಾಗಿ ಮೇಲಕ್ಕೆತ್ತಿದಾಗ ತೊಟ್ಟಿಯು ಎಂಜಿನ್ನಿನ ಕೆಳಗೆ ಬರುತ್ತದೆ. ಇಂಧನ ಸುಮಾರು 15 ಸೆಂಟಿಮೀಟರ್ ಎತ್ತರವನ್ನು ಹತ್ತಬೇಕಾಗಿದೆಯೆನ್ನೋಣ. ಇದು 12 ಸೆಂಟಿಮೀಟರ್ ನೀರಿನ ಕಂಬದ ಭಾರಕ್ಕೆ ಸಮ. ಬರ್ನೂಲಿಯ ಸೆಳೆತದಿಂದ ಇಷ್ಟನ್ನು ಕಳೆದ ಮೇಲೆ ಉಳಿಯುವುದೇ ಇಂಧನದ ಪಾಲಿಗೆ. ಅಲ್ಲದೆ ಹಾರುತ್ತ ಹೋದಂತೆ ತೊಟ್ಟಿಯಲ್ಲಿ ಇಂಧನದ ಮಟ್ಟವೂ ಇಳಿಯುತ್ತದೆ. ಆಗಲೂ ಮಿಶ್ರಣ ತೆಳುವಾಗುತ್ತದೆ. ಈ ಏರುಪೇರನ್ನು ಕಡಿಮೆ ಮಾಡಲು ಹೊಗೆಯ ಕೊಳವೆಯಿಂದ ಸ್ವಲ್ಪ ಒತ್ತಡವನ್ನು ತೊಟ್ಟಿಗೆ ಕೊಡುವ ಪದ್ಧತಿಯಿದೆ. ಅದು ಏರುಪೇರನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸದು.

ಇದಲ್ಲದೆ, ವಿಮಾನ ವೇಗವಾಗಿ ಮುನ್ನುಗ್ಗುವಾಗ ಪ್ರೊಪೆಲರಿನ ಮೇಲಿನ ಹೊರೆ ಕಡಿಮೆಯಾಗಿ ಎಂಜಿನ್ನು ನೆಲದ ಮೇಲಿದ್ದುದಕ್ಕಿಂತ ಹೆಚ್ಚು ವೇಗದಲ್ಲಿ ತಿರುಗುತ್ತದೆ. ಶಿಖರದಲ್ಲಿ ಹದಮಾಡಿದ ಎಂಜಿನ್ನಿಗೆ ಈ ಯಾವ ಬದಲಾವಣೆಯನ್ನು ತಾಳಿಕೊಳ್ಳುವುದಕ್ಕೂ ಅವಕಾಶವಿರುವುದಿಲ್ಲ. ಅದು ಬೆಟ್ಟದ ತುದಿಯಂಚಿನಲ್ಲಿ ನಿಂತವನಂತೆ. ಒಂದು ಹೆಜ್ಜೆ ಮುಂದಿಟ್ಟರೂ ಪ್ರಪಾತ.

ಹದಮಾಡುವ ಕ್ರಮ

ಮೊದಲು ಸೂಜಿಯನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ತೆರೆಯಬೇಕು. ಎರಡರಿಂದ ಮೂರು ಸುತ್ತು ಎಂಬುದು ಸಾಮಾನ್ಯ. ಈ ಸ್ಥಾನದಲ್ಲಿ ಮಿಶ್ರಣ ಬೇಕೆಂದೇ ದಟ್ಟವಾಗಿರುತ್ತದೆ. ಎಂಜಿನ್ನನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಕಾಯಲು ಬಿಟ್ಟು, ಬ್ಯಾಟರಿಯನ್ನು ತೆಗೆದು, ಪೂರ್ಣ ಗಾಳಿ ಕೊಟ್ಟು ಓಡಿಸಬೇಕು.

ಬಳಿಕ ಸೂಜಿಯನ್ನು ಒಂದೊಂದೇ ಹಲ್ಲಿನಷ್ಟು ಒಳಕ್ಕೆ ತಿರುಗಿಸಬೇಕು. ಪ್ರತಿ ಸಲವೂ ಕೆಲವು ಸೆಕೆಂಡು ಕಾದು ನೋಡಬೇಕು; ಏಕೆಂದರೆ ಕಾವು ಹೊಸ ಮಟ್ಟಕ್ಕೆ ಬರಲು ಸಮಯ ಬೇಕು. ಅವಸರಪಡುವವನು ಎಂಜಿನ್ನಿನ ಉತ್ತರ ಬರುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿದಂತಾಗುತ್ತದೆ. ವೇಗ ಇನ್ನು ಏರದೆಂದು ತಿಳಿದೊಡನೆ ಸೂಜಿಯನ್ನು ಹೊರಕ್ಕೆ ತಿರುಗಿಸಿ, ವೇಗವು ನಿಮಿಷಕ್ಕೆ 200ರಿಂದ 400 ಸುತ್ತುಗಳಷ್ಟು ಇಳಿಯುವಂತೆ ಮಾಡಬೇಕು. ಸುತ್ತು ಎಣಿಸುವ ಸಾಧನವಿಲ್ಲದಿದ್ದರೆ ಕಿವಿಯೇ ಸಾಧನ: ಸ್ವರ ಸ್ವಲ್ಪವೇ, ಆದರೆ ಸ್ಪಷ್ಟವಾಗಿ ಇಳಿದುದು ಕೇಳಬೇಕು. ಹಿಂದೆ ತೆಳ್ಳನೆಯ ಹೊಗೆಯ ಎಳೆ ಕಾಣುತ್ತಿರಬೇಕು.

ಈಗ ಎರಡು ಪರೀಕ್ಷೆಗಳು. ಇಂಧನದ ರಬ್ಬರು ಕೊಳವೆಯನ್ನು ಒಂದು ಕ್ಷಣ ಚಿವುಟಿ ಬಿಡಿರಿ. ಸ್ವರ ತುಸು ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಶಿಖರಕ್ಕಿಂತ ದಟ್ಟವಾದ ಬದಿಯಲ್ಲಿದೆಯೆಂದು ಅರ್ಥ. ಏರದೆ ಒಡನೆಯೇ ಕುಗ್ಗಿದರೆ ಅದು ಆಗಲೇ ತೆಳುವಾಗಿದೆ. ಎರಡನೆಯದು, ವಿಮಾನವನ್ನು ಭದ್ರವಾಗಿ ಹಿಡಿದು ಮೂತಿಯನ್ನು ಆಕಾಶಕ್ಕೆ ಎತ್ತಿ ಹತ್ತು ಸೆಕೆಂಡು ನಿಲ್ಲಿಸುವುದು. ವೇಗ ಸ್ವಲ್ಪ ಏರಿ ಅಲ್ಲಿಯೇ ನಿಂತರೆ ಹದ ಸರಿಯಾಗಿದೆ. ಕುಗ್ಗತೊಡಗಿದರೆ ಸೂಜಿಯನ್ನು ಒಂದೆರಡು ಹಲ್ಲು ತೆರೆದು ಮತ್ತೆ ನೋಡಬೇಕು. ಹತ್ತು ಸೆಕೆಂಡಿನ ಈ ಪರೀಕ್ಷೆಯನ್ನು ನಾವು ಅಂದು ಮಾಡಿದ್ದರೆ ನಮ್ಮ ವಿಮಾನ ಉಳಿಯುತ್ತಿತ್ತು.

ಮಂದಗತಿಗೆ ಬೇರೆಯೇ ತಿರುಪು ಇರುತ್ತದೆ. ಅದನ್ನು ಮುಖ್ಯ ಸೂಜಿ ಹದವಾದ ಮೇಲೆಯೇ ಮುಟ್ಟಬೇಕು. ಮಂದಗತಿಯಿಂದ ಒಮ್ಮೆಗೇ ವೇಗ ಕೊಟ್ಟಾಗ ಎಂಜಿನ್ನು ಹೊಗೆಯುಗುಳುತ್ತ ತಡವರಿಸಿದರೆ ಮಿಶ್ರಣ ದಟ್ಟ. ಸದ್ದಿಲ್ಲದೆ ತಟ್ಟನೆ ನಿಂತರೆ ತೆಳು.

ಊರಿಗೊಂದು ಹದ

ಒಮ್ಮೆ ಕಂಡುಕೊಂಡ ಹದ ಎಲ್ಲ ಕಾಲಕ್ಕೂ ನಿಲ್ಲದು. ಮಂಗಳೂರಿನ ಕಡಲ ತೀರದಲ್ಲಿ ಹದಮಾಡಿದ ಎಂಜಿನ್ನನ್ನು ಬೆಂಗಳೂರಿಗೆ ತಂದಿರೆನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕಾವು ಎತ್ತರಕ್ಕೆ ತಕ್ಕಂತೆ ಇಳಿದಿದೆಯೆಂದುಕೊಂಡರೂ ಅಲ್ಲಿಯ ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಿಂದ ಒಂಬತ್ತು ಭಾಗ ಕಡಿಮೆ. ಸಿಲಿಂಡರಿಗೆ ಬರುವ ಗಾಳಿಯ ತೂಕ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಇಂಧನದ ಹರಿವು ಸೆಳೆತದ ವರ್ಗಮೂಲವನ್ನು ಅನುಸರಿಸುವುದರಿಂದ, ಅದು ತಗ್ಗುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಪರಿಣಾಮವಾಗಿ ಮಿಶ್ರಣ ತಾನಾಗಿಯೇ ದಟ್ಟವಾಗುತ್ತದೆ. ಸೂಜಿಯನ್ನು ಸ್ವಲ್ಪ ಮುಚ್ಚಬೇಕಾಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಾದರೋ ಸೂಜಿಯನ್ನು ತೆರೆಯಲು ಮರೆಯಬಾರದು. ಮರೆತರೆ ಅಪಾಯದ ಬದಿಗೆ ಜಾರಿದಂತೆಯೇ. ಒಂದೇ ಊರಿನಲ್ಲಿ ತಂಪಾದ ಮುಂಜಾನೆಗೂ ಸುಡುವ ಮಧ್ಯಾಹ್ನಕ್ಕೂ ಇಂತಹುದೇ ವ್ಯತ್ಯಾಸ ಉಂಟು.

ಕೆಲವು ಎಚ್ಚರಿಕೆಗಳು

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಚರ್ಮದ ಮೂಲಕವೂ ಅದು ಮೈಯನ್ನು ಸೇರುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅದು ಗಾಳಿಯ ತೇವವನ್ನು ಹೀರುವುದರಿಂದ ಡಬ್ಬಿಯ ಮುಚ್ಚಳ ಸದಾ ಭದ್ರವಾಗಿರಬೇಕು. ತಿರುಗುವ ಪ್ರೊಪೆಲರು ಕಣ್ಣಿಗೆ ಬರಿಯ ಮಂಜಿನ ತಟ್ಟೆಯಂತೆ ಕಂಡರೂ ಅದು ಬೆರಳನ್ನು ಕತ್ತರಿಸಬಲ್ಲ ಕತ್ತಿ. ಸೂಜಿಯನ್ನು ತಿರುಗಿಸುವಾಗ ಅದರ ಹಿಂಬದಿಯಲ್ಲಿ ನಿಲ್ಲಬೇಕು. ಅದರ ಮೇಲಿನಿಂದ ಕೈಚಾಚಬಾರದು. ಕಣ್ಣಿಗೆ ಕನ್ನಡಕ ಬೇಕು. ಪಕ್ಕದಲ್ಲಿ ವಿಮಾನವನ್ನು ಹಿಡಿಯುವ ಅನುಭವಿಯೊಬ್ಬರು ಇರಬೇಕು.

ಇಂದು ಮಾದರಿ ವಿಮಾನಗಳಲ್ಲಿ ವಿದ್ಯುತ್ ಮೋಟಾರುಗಳೇ ಹೆಚ್ಚಾಗಿವೆ. ಗುಂಡಿಯೊತ್ತಿದರೆ ಓಡುವ ಅವುಗಳಿಗೆ ಹದದ ಗೊಡವೆಯಿಲ್ಲ. ಆದರೂ ಅಂಗೈಯಲ್ಲಿ ಹಿಡಿಯಬಹುದಾದ ಈ ಎಂಜಿನ್ನು ಒಂದು ಒಳ್ಳೆಯ ಗುರು. ಆವಿಯಾಗುವಿಕೆ, ಕ್ರಿಯಾವರ್ಧಕ, ಬರ್ನೂಲಿಯ ತತ್ತ್ವ ಇವನ್ನು ಪುಸ್ತಕದ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವವರಿಗೆ, ಇಲ್ಲಿ ಅವೆಲ್ಲವೂ ಒಂದೇ ಸೂಜಿಯ ತುದಿಯಲ್ಲಿ ಸೇರಿರುವುದು ಕಾಣುತ್ತದೆ.

ನಾವು ಮುರಿದ ರೆಕ್ಕೆಯನ್ನು ಮತ್ತೆ ಕಟ್ಟಿದೆವು. ಎರಡು ತಿಂಗಳ ಬಳಿಕ ಅದೇ ಬಯಲಿನಲ್ಲಿ ಎಂಜಿನ್ನನ್ನು ಶಿಖರದವರೆಗೆ ಏರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಒಂದಿಷ್ಟು ಇಳಿಸಿದೆವು. ನೆಲದ ಮೇಲೆ ಅದರ ಕೂಗು ಮೊದಲಿನಷ್ಟು ಜೋರಾಗಿರಲಿಲ್ಲ. ಮೂತಿಯೆತ್ತಿ ಏರುವಾಗ ಮಾತ್ರ ಅದರ ಸ್ವರ ಮೆಲ್ಲನೆ ಏರಿ, ತನ್ನ ಶಿಖರವನ್ನು ಆಕಾಶದಲ್ಲಿ ತಾನೇ ಕಂಡುಕೊಂಡಿತು. ಹಿಂದೆ ಬಿಳಿಯ ಹೊಗೆಯ ಎಳೆಯೊಂದು ತೊಟ್ಟಿ ಬರಿದಾಗುವವರೆಗೂ ತುಂಡಾಗದೆ ಉಳಿಯಿತು.